ಘಾಟಿ ಮುಚ್ಚಿದಾಗ ನೆನಪಾಗುವ ‘ಊರಿನ ತರಕಾರಿ’: ಆಯಾ ಕಾಲದ್ದನ್ನು ತಿಂದರೆ ನಿಜಕ್ಕೂ ಲಾಭವೇನು?

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ಅಡುಗೆಮನೆಗೆ ಅದು ಗೊತ್ತಾಗಲು ಹೆಚ್ಚು ದಿನ ಬೇಕಿಲ್ಲ. 2018ರ ಆಗಸ್ಟ್‌ನಲ್ಲೂ 2024ರ ಜುಲೈಯಲ್ಲೂ ಮಳೆಗೆ ಮಣ್ಣು ಕುಸಿದು ಅಲ್ಲಿ ವಾಹನ ಓಡಾಟ ನಿಂತಿತ್ತು. ಹಾಸನ, ಚಿಕ್ಕಮಗಳೂರು ಕಡೆಯಿಂದ ಟೊಮೆಟೊ, ಬೀನ್ಸ್, ಕ್ಯಾರೆಟ್, ಕೋಸು ಹೊತ್ತು ಬರುವ ಲಾರಿ ಬೇರೆ ಘಾಟಿ ಸುತ್ತಿ ಬರಬೇಕಾದರೆ ಬಾಡಿಗೆ ಏರುತ್ತದೆ, ದಾರಿಯಲ್ಲಿ ಕೊಳೆಯುವ ಪಾಲೂ ಏರುತ್ತದೆ. ಎರಡನ್ನೂ ತೆರುವವರು ಕೊಳ್ಳುವವರೇ.

ಕರಾವಳಿಯ ಸಂತೆಯಲ್ಲಿ ತರಕಾರಿಗೆ ಎರಡು ಜಾತಿ. ಒಂದು ‘ಘಟ್ಟದ ತರಕಾರಿ’, ಇನ್ನೊಂದು ‘ಊರಿನ ತರಕಾರಿ’. ಊರಿನ ಬೆಂಡೆ, ಊರಿನ ಹೀರೆ, ಊರಿನ ಹರಿವೆ ಎಂದು ಕೂಗಿದರೆ ನಾಲ್ಕು ರೂಪಾಯಿ ಹೆಚ್ಚಾದರೂ ಕೊಳ್ಳುವವರಿದ್ದಾರೆ. ಆಯಾ ಕಾಲದ, ಹತ್ತಿರದಲ್ಲಿ ಬೆಳೆದ ಹಣ್ಣು-ತರಕಾರಿ ಮೈಗೆ ಒಳ್ಳೆಯದು ಎಂಬ ಮಾತು ಹಿರಿಯರಿಂದಲೂ ವೈದ್ಯರಿಂದಲೂ ಕೇಳಿ ಬರುತ್ತದೆ. ಒಳ್ಳೆಯದು ಹೇಗೆ, ಎಷ್ಟರ ಮಟ್ಟಿಗೆ, ಎಲ್ಲಿ ಆ ಮಾತು ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

ಋತುಮಾನ ಎಂದರೆ ಯಾವ ಊರಿನ ಋತು?

ಒಂದು ಗಿಡ ತನಗೆ ಬೇಕಾದಷ್ಟು ಬಿಸಿಲು, ನೀರು, ರಾತ್ರಿಯ ತಂಪು ಸಿಕ್ಕಾಗ ಹೆಚ್ಚು ಆರೈಕೆ ಇಲ್ಲದೆ ಫಲ ಕೊಡುವ ಕಾಲವೇ ಅದರ ಋತು. ಆ ಕಾಲ ಊರಿಂದ ಊರಿಗೆ ಬೇರೆ. ಬೆಂಗಳೂರಿನ ಪಟ್ಟಿ ನೋಡಿಕೊಂಡು ಉಡುಪಿಯಲ್ಲಿ ತರಕಾರಿ ಕೊಂಡರೆ ಲೆಕ್ಕ ತಪ್ಪುತ್ತದೆ.

ಟೊಮೆಟೊವನ್ನೇ ನೋಡಿ. ರಾತ್ರಿ ತಂಪಾಗದಿದ್ದರೆ ಅದರ ಹೂವು ಕಾಯಿ ಕಟ್ಟದೆ ಉದುರುತ್ತದೆ. ಕರಾವಳಿಯ ಸೆಖೆಯ ರಾತ್ರಿಗಳು ಅದಕ್ಕೆ ಒಗ್ಗುವುದಿಲ್ಲ. ಮೇಲಾಗಿ ಇಲ್ಲಿನ ಹುಳಿ ಅಂಶದ ಕೆಂಪು ಮಣ್ಣಿನಲ್ಲಿ ಗಿಡ ಇದ್ದಕ್ಕಿದ್ದಂತೆ ಬಾಡಿ ಸಾಯುವ ಸೊರಗು ರೋಗದ ಕಾಟ. ಕ್ಯಾರೆಟ್, ಹೂಕೋಸು, ಎಲೆಕೋಸಿಗೂ ಚಳಿ ಬೇಕು. ಹಾಗಾಗಿ ಇವೆಲ್ಲ ನಮಗೆ ವರ್ಷಪೂರ್ತಿ ಘಟ್ಟದ ತರಕಾರಿಗಳೇ. ಅವಕ್ಕೂ ಋತು ಉಂಟು, ಆದರೆ ಅದು ಘಟ್ಟದ ಮೇಲಿನ ಋತು.

ಕರಾವಳಿಯ ಬೆಳೆ ನಡೆಯುವುದು ಮಳೆಯ ಲೆಕ್ಕದಲ್ಲಿ. ವರ್ಷಕ್ಕೆ 3,500ರಿಂದ 4,000 ಮಿ.ಮೀ. ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಮೇ ಕೊನೆಯಲ್ಲಿ ತುಳುನಾಡಿನ ಪತ್ತನಾಜೆ ದಿನದ ಹೊತ್ತಿಗೆ ಭೂತಕೋಲ, ಯಕ್ಷಗಾನದ ಆಟಗಳು ನಿಲ್ಲುತ್ತವೆ. ಅಂಗಳದ ಬದಿಯಲ್ಲಿ ಬೆಂಡೆ, ಹೀರೆ, ಅಲಸಂಡೆ, ಪಡುವಲದ ಬೀಜ ಮಣ್ಣಿಗೆ ಬೀಳುತ್ತದೆ. ಮಳೆ ತಗ್ಗಿ, ಮಳೆಗಾಲದ ಬೆಳೆಯಾದ ಏಣೆಲು ಭತ್ತ ಕೊಯ್ದ ಮೇಲೆ ಗದ್ದೆಯ ಪಸೆಯಲ್ಲಿ ಎರಡನೆಯ ಸುತ್ತಿನ ತರಕಾರಿ. ಬಿಸಿಲೇರಿದಾಗ ಮರಗಳ ಸರದಿ: ಹಲಸು, ಮಾವು, ಗೇರು, ಪುನರ್ಪುಳಿ (ಕೋಕಂ). ತೆಂಗು, ಬಾಳೆ, ಪಪ್ಪಾಯ, ಬಸಳೆಯಂಥವು ಯಾವ ಸರದಿಗೂ ಕಾಯದೆ ವರ್ಷವಿಡೀ ಬರುತ್ತವೆ.

ಕೊಯ್ದ ಮೇಲೂ ಅದು ಬದುಕಿರುತ್ತದೆ

ಋತುಮಾನದ ಲಾಭದ ಬಹುಪಾಲು ಗುಟ್ಟು ಇಲ್ಲಿದೆ. ಗಿಡದಿಂದ ಕಿತ್ತ ಕೂಡಲೇ ತರಕಾರಿ ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ: ಗಾಳಿಯ ಆಮ್ಲಜನಕ ಎಳೆದುಕೊಂಡು ತನ್ನೊಳಗಿನ ಸಕ್ಕರೆಯನ್ನು ಸುಟ್ಟು ಶಾಖ, ನೀರು, ಇಂಗಾಲದ ಡೈಆಕ್ಸೈಡ್ ಹೊರಹಾಕುತ್ತದೆ. ಬೇರಿನಿಂದ ಬರುತ್ತಿದ್ದ ನೀರು, ಎಲೆಯಿಂದ ಬರುತ್ತಿದ್ದ ಆಹಾರ ಎರಡೂ ನಿಂತಿವೆ. ಸಂಬಳ ನಿಂತ ಮನೆಯಲ್ಲಿ ಉಳಿತಾಯ ತೆಗೆದು ಖರ್ಚು ಮಾಡಿದಂತೆ ಅದರ ಬಾಳು.

ಖರ್ಚಿನ ವೇಗ ಎಲ್ಲದಕ್ಕೂ ಒಂದೇ ಅಲ್ಲ. ಹರಿವೆ, ಬಸಳೆ, ಬೆಂಡೆ, ಅಲಸಂಡೆ, ಅಣಬೆ ಇವು ಜೋರಾಗಿ ಉಸಿರಾಡುತ್ತವೆ. ಅವು ಎಳೆಯವು, ಬೆಳೆಯುತ್ತಿದ್ದಾಗಲೇ ಕಿತ್ತವು. ಚೆನ್ನಾಗಿ ಬಲಿತ ಬೂದುಕುಂಬಳ, ಸಿಹಿಕುಂಬಳ, ಸುವರ್ಣಗೆಡ್ಡೆ, ಈರುಳ್ಳಿ ನಿಧಾನದವು. ಸೆಖೆ ಏರಿದಷ್ಟೂ ವೇಗ ಏರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ತಂಪು ಊರಿನಲ್ಲಿ ಮೂರು ದಿನ ತಾಳುವ ಸೊಪ್ಪು ಮಂಗಳೂರಿನ ಏಪ್ರಿಲ್‌ನಲ್ಲಿ ಸಂಜೆಯೊಳಗೆ ಸೋತು ಮಲಗುವುದು ಇದಕ್ಕೂ, ಸೆಖೆಗೆ ಎಲೆಯ ನೀರು ಆರುವುದಕ್ಕೂ.

ಹೀಗೆ ಕಾಲ ಕಳೆದಂತೆ ಮೊದಲು ಹೋಗುವುದು ಸಿ ಜೀವಸತ್ವ. ಗಾಳಿ, ಬೆಳಕು, ಶಾಖ ಮೂರೂ ಅದಕ್ಕೆ ಶತ್ರುಗಳು. ಸೊಪ್ಪನ್ನು ಹೊರಗೇ ಇಟ್ಟರೆ ಎರಡು ಮೂರು ದಿನದಲ್ಲಿ ಅದರ ದೊಡ್ಡ ಪಾಲು ನಷ್ಟ. ಸೊಪ್ಪಿನ ಫೋಲೇಟ್ ಎಂಬ ಬಿ ಜೀವಸತ್ವವೂ ಕಡಿಮೆಯಾಗುತ್ತದೆ. ಸಿಹಿಯೂ ಪರಿಮಳವೂ ಇಳಿಯುತ್ತವೆ. ನಾರು, ಸುಣ್ಣ, ಕಬ್ಬಿಣ, ಪೊಟ್ಯಾಸಿಯಂ ಮಾತ್ರ ಇದ್ದಲ್ಲೇ ಇರುತ್ತವೆ. ಖನಿಜ ಹಾರಿಹೋಗುವ ವಸ್ತುವಲ್ಲ. ಆದ್ದರಿಂದ ‘ಹಳೆಯ ತರಕಾರಿಯಲ್ಲಿ ಏನೂ ಸತ್ವವಿಲ್ಲ’ ಎಂಬುದು ಅತಿಯಾದ ಮಾತು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ, ಕೆಲವರಿಗೆ ರುಚಿಸದಿರಬಹುದು. ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿಗೆ ಹಾಕಿ ತೆಗೆದು ಹೆಪ್ಪುಗಟ್ಟಿಸಿದ ಬಟಾಣಿಯಲ್ಲಿ, ಗೋಣಿಯಲ್ಲಿ ನಾಲ್ಕು ದಿನ ಪಯಣಿಸಿದ ‘ತಾಜಾ’ ಬಟಾಣಿಗಿಂತ ಸಿ ಜೀವಸತ್ವ ಹೆಚ್ಚು ಉಳಿದಿರಬಹುದು. ಏಪ್ರಿಲ್‌ನಲ್ಲಿ ನಾವು ತಿನ್ನುವ ಕಾಶ್ಮೀರ, ಹಿಮಾಚಲದ ಸೇಬು ಹಿಂದಿನ ವರ್ಷ ಕೊಯ್ದದ್ದು. ಆಮ್ಲಜನಕ ತಗ್ಗಿಸಿದ ತಣ್ಣನೆಯ ಕೋಣೆಯಲ್ಲಿಟ್ಟು ಅದರ ಉಸಿರಾಟವನ್ನು ನಿಧಾನಿಸಿರುತ್ತಾರೆ. ಅದು ವಿಷವಲ್ಲ, ಮೋಸವೂ ಅಲ್ಲ. ಅದೇ ಹಣಕ್ಕೆ ಏಪ್ರಿಲ್‌ನಲ್ಲಿ ಇಲ್ಲಿ ಇನ್ನೂ ಒಳ್ಳೆಯದು ಸಿಗುತ್ತದೆ ಎಂಬುದಷ್ಟೇ ವಿಷಯ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು: ಸೊಪ್ಪನ್ನು ತೊಳೆಯದೆ, ಕೊಳೆತ ಎಲೆ ಆಯ್ದು ತೆಗೆದು, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಟ್ರೇಯಲ್ಲಿಡಿ. ತೊಳೆದಿಟ್ಟರೆ ಎಲೆಗಳ ನಡುವೆ ನಿಂತ ನೀರಿನಲ್ಲಿ ಕೊಳೆ ಶುರುವಾಗುತ್ತದೆ. ಹೆಚ್ಚುವುದು ಅಡುಗೆಗೆ ಮುಂಚೆಯೇ ಸಾಕು, ಹಿಂದಿನ ರಾತ್ರಿ ಬೇಡ. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಮೋರಿಗೆ ಹೋಗುತ್ತವೆ.

ಹಣ್ಣಾಗುವುದರಲ್ಲಿ ಎರಡು ಬಗೆ

ಮಾವು, ಬಾಳೆ, ಹಲಸು, ಪಪ್ಪಾಯ, ಚಿಕ್ಕು, ಟೊಮೆಟೊ ಇವು ಬಲಿತ ಮೇಲೆ ಕೊಯ್ದಿಟ್ಟರೂ ಹಣ್ಣಾಗುತ್ತವೆ. ಬಲಿತ ಕಾಯಿ ಎಥಿಲೀನ್ ಎಂಬ ಅನಿಲವನ್ನು ತಾನೇ ಹೊರಬಿಡುತ್ತದೆ. ಅದು ಪಿಷ್ಟವನ್ನು ಸಕ್ಕರೆಯಾಗಿಸುವ, ಸಿಪ್ಪೆಯ ಹಸಿರು ಕಳೆಯುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಅನಾನಸು, ಕಲ್ಲಂಗಡಿ, ಕಿತ್ತಳೆ, ದ್ರಾಕ್ಷಿ, ರಂಬುಟಾನ್ ಈ ಗುಂಪಿನವಲ್ಲ. ಕಿತ್ತ ದಿನ ಎಷ್ಟು ಸಿಹಿಯೋ ಅಷ್ಟೇ. ಇಟ್ಟರೆ ಮೆತ್ತಗಾದಾವು, ಸಿಹಿಯಾಗವು. ಎರಡನೆಯ ಗುಂಪಿನ ಹಣ್ಣಿಗೆ ಋತು ನೋಡಿ ಕೊಳ್ಳುವುದು ಹೆಚ್ಚು ಮುಖ್ಯ, ಏಕೆಂದರೆ ಅವಸರದಲ್ಲಿ ಕಿತ್ತದ್ದನ್ನು ಸರಿಪಡಿಸುವ ದಾರಿಯೇ ಇಲ್ಲ.

ಮೊದಲ ಗುಂಪಿನಲ್ಲಿ ಬೇರೆ ತೊಂದರೆ. ಸುಗ್ಗಿಗೆ ಮುಂಚೆ ಮಾವಿಗೆ ಒಳ್ಳೆಯ ಬೆಲೆ ಇರುವುದರಿಂದ ಬಲಿಯದ ಕಾಯಿಯನ್ನೂ ಕೊಯ್ದು ಬಣ್ಣ ಬರಿಸುವ ಆಸೆ ಹುಟ್ಟುತ್ತದೆ. ಇದಕ್ಕೆ ಬಳಸುತ್ತಿದ್ದ ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದರೆ, ಎಥಿಲೀನ್‌ನಂತೆಯೇ ಕಾಯಿ ಮಾಗಿಸುವ ಅಸಿಟಿಲೀನ್ ಅನಿಲ ಬಿಡುತ್ತದೆ. ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುವುದರಿಂದ ಹಣ್ಣು ಮಾಗಿಸಲು ಅದರ ಬಳಕೆಯನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಅನುಮತಿ ಉಂಟು. ಅದು ಹಣ್ಣು ತಾನೇ ಬಿಡುವ ಅನಿಲ. ಕಾರ್ಬೈಡ್ ಹಣ್ಣನ್ನು ಬರಿಗಣ್ಣಿನಿಂದ ಖಚಿತವಾಗಿ ಗುರುತಿಸಲಾಗದು. ಆದರೆ ಸಿಪ್ಪೆ ಪೂರ್ತಿ ಹಳದಿ, ತೊಟ್ಟಿನ ಹತ್ತಿರ ಮೂಸಿದರೆ ಪರಿಮಳವಿಲ್ಲ, ಕೊಯ್ದರೆ ಗೊರಟಿನ ಸುತ್ತ ಬಿಳಿಚಿ ಹುಳಿ ಎಂದಾದರೆ ಅದು ಬಲಿಯದೆ ಕಿತ್ತದ್ದು ಎಂಬುದಂತೂ ನಿಶ್ಚಯ. ಇಲ್ಲಿನ ಮರಗಳಲ್ಲಿ ಕಾಯಿ ಇನ್ನೂ ಎಳೆಯದಿರುವಾಗ ಅಂಗಡಿಯಲ್ಲಿ ಹಳದಿ ರಾಶಿ ಕಂಡರೆ ಎಲ್ಲಿಂದ ಬಂತು ಎಂದು ಕೇಳಿ ಕೊಳ್ಳುವುದು ಲೇಸು.

ಮನೆಯಲ್ಲಿ ಮಾವು ಹಣ್ಣಾಗಿಸುವವರು ಬೈಹುಲ್ಲಿನ ನಡುವೆ ಒಂದೇ ಪದರವಾಗಿ, ತೊಟ್ಟು ಕೆಳಗೆ ಮಾಡಿ ಇಡಲಿ. ಬೇಗ ಬೇಕಿದ್ದರೆ ಜೊತೆಗೊಂದು ಮಾಗಿದ ಬಾಳೆಹಣ್ಣು. ಹಣ್ಣಾಗುವ ಮುನ್ನ ಫ್ರಿಜ್ಜಿಗೆ ಹಾಕಬಾರದು. ಸುಮಾರು 12 ಡಿಗ್ರಿಗಿಂತ ಕೆಳಗೆ ಮಾವಿಗೂ ಬಾಳೆಗೂ ಚಳಿಯ ಪೆಟ್ಟು ಬಿದ್ದು ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಮಾಗುವುದಿಲ್ಲ.

ಅತಿ ಗಟ್ಟಿ ಕಾರಣ: ಪ್ರಮಾಣ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2,000 ಕಿಲೋ ಕ್ಯಾಲೊರಿ ಸಾಕಾಗುವ ವಯಸ್ಕರ ಊಟದಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಬೇಕು. ನಾಲ್ಕು ಜನರ ಮನೆಗೆ ಇದು ದಿನಕ್ಕೆ 1.6 ಕಿಲೋ ತರಕಾರಿ, ತಿಂಗಳಿಗೆ 48 ಕಿಲೋ. ಹಣ್ಣು ತಿಂಗಳಿಗೆ 12 ಕಿಲೋ. ಸಾರಿನಲ್ಲಿ ತೇಲುವ ನಾಲ್ಕು ಹೋಳು, ಬಾಳೆಲೆಯ ಅಂಚಿನ ಒಂದು ಚಮಚ ಪಲ್ಯ ಈ ಲೆಕ್ಕದ ಹತ್ತಿರವೂ ಬರುವುದಿಲ್ಲ.

ಹೊಸ ಹರಿವೆಯಲ್ಲಿ ಹಳೆಯದಕ್ಕಿಂತ ಎಷ್ಟು ಮಿಲಿಗ್ರಾಂ ಸಿ ಜೀವಸತ್ವ ಹೆಚ್ಚು ಎಂಬುದಕ್ಕಿಂತ, ಮನೆಯವರೆಲ್ಲ ಸಾಕಷ್ಟು ತಿಂದರೇ ಎಂಬುದು ಆರೋಗ್ಯಕ್ಕೆ ಬಹಳ ದೊಡ್ಡ ವಿಷಯ. ಸುಗ್ಗಿಯಲ್ಲಿ ಬೆಲೆ ಇಳಿದಾಗ, ಪಕ್ಕದ ಮನೆಯವರು ಹಲಸು, ಬಸಳೆ ಕೊಟ್ಟು ಹೋದಾಗ ಈ ಪ್ರಮಾಣ ಕೈಗೆಟಕುತ್ತದೆ. ಜೊತೆಗೆ ಸರದಿ ತಾನಾಗಿಯೇ ಬದಲಾಗುತ್ತದೆ. ವರ್ಷವಿಡೀ ಟೊಮೆಟೊ-ಬೀನ್ಸ್-ಆಲೂಗಡ್ಡೆ ಸುತ್ತುವ ಅಡುಗೆಯಲ್ಲಿ ಸಿಗದ ಪೋಷಕಾಂಶ ಜೂನ್‌ನ ಸೊಪ್ಪಿನಲ್ಲಿ, ಡಿಸೆಂಬರಿನ ಗೆಡ್ಡೆಯಲ್ಲಿ, ಮೇ ತಿಂಗಳ ಹಣ್ಣಿನಲ್ಲಿ ಬಿಡಿಬಿಡಿಯಾಗಿ ಬಂದು ಸೇರುತ್ತದೆ.

ಋತು ಎಂದರೆ ಯಾವಾಗಲೂ ಅಗ್ಗ ಎಂದಲ್ಲ. ಅಷ್ಟಮಿ, ಚೌತಿಯ ಹೊತ್ತಿಗೆ ಊರಿನ ಬೆಂಡೆ, ಹೀರೆ, ಅಲಸಂಡೆ ತುಂಬಿ ಬರುವ ಕಾಲ. ಕೊಂಕಣಿ ಮನೆಗಳ ಚೌತಿಯ ಗಜಬಜೆಗೂ ಕರಾವಳಿಯ ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನ ಸಸ್ಯಾಹಾರಿ ಊಟಕ್ಕೂ ಬಗೆಬಗೆಯ ತರಕಾರಿ ಬೇಕು. ಬೇಡಿಕೆ ಒಮ್ಮೆಲೇ ಏರಿ ಹಬ್ಬದ ಹಿಂದಿನ ದಿನ ಬೆಲೆ ಗಗನಕ್ಕೆ. ನಾಲ್ಕು ದಿನ ಬಿಟ್ಟು ಕೊಂಡರೆ ಅದೇ ಬೆಂಡೆ ಅರ್ಧ ಬೆಲೆಗೆ ಸಿಕ್ಕರೂ ಸಿಕ್ಕೀತು.

ಮಳೆಗಾಲ: ಬಿತ್ತದೆ ಬರುವ ಬೆಳೆ

ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ರಸ್ತೆ ಬದಿ, ಗುಡ್ಡದಲ್ಲಿ ತಜಂಕ್ ಚಿಗುರುತ್ತದೆ. ಕನ್ನಡದಲ್ಲಿ ಚಗಟೆ ಸೊಪ್ಪು. ತಿನ್ನಬಹುದಾದ ಅವಧಿ ಕೆಲವೇ ವಾರ. ತುದಿಯ ನಾಲ್ಕಾರು ಎಲೆ ಎಳೆಯದಿರುವಾಗ ಪಲ್ಯ, ಅಂಬಡೆ ಮಾಡುತ್ತಾರೆ. ಗಿಡ ಮೊಣಕಾಲು ದಾಟಿದ ಮೇಲೆ ಎಲೆ ಒರಟು, ಕಹಿ. ಹೆದ್ದಾರಿಯ ಅಂಚು, ಚರಂಡಿಯ ಬದಿಯದ್ದನ್ನು ಕೊಯ್ಯಬೇಡಿ. ಗುರುತು ಗೊತ್ತಿಲ್ಲದ ಸೊಪ್ಪು, ಅಣಬೆಯ ಗೋಜಿಗಂತೂ ಹೋಗಲೇಬೇಡಿ.

ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೆಸುವಿನ ಕಾಲ. ಕೆಸುವಿನ ಎಲೆಯ ಪತ್ರೊಡೆ ತಿಂದು ಗಂಟಲು ತುರಿಸಿದರೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್. ಅದು ಸೂಜಿಯಂಥ ಸಣ್ಣ ಹರಳುಗಳಾಗಿದ್ದು ನಾಲಿಗೆ, ಗಂಟಲಿಗೆ ಚುಚ್ಚುತ್ತದೆ. ಹುಳಿ ಮತ್ತು ಹೆಚ್ಚು ಹೊತ್ತಿನ ಬೇಯಿಕೆ ಇದರ ಕಾಟ ತಗ್ಗಿಸುತ್ತವೆ. ಪತ್ರೊಡೆಗೆ ಎರಡು ಲೋಟ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಮೆಣಸು, ಕೊತ್ತಂಬರಿ, ಬೆಲ್ಲ, ದೊಡ್ಡ ನಿಂಬೆ ಗಾತ್ರದ ಹುಣಸೆಯೊಂದಿಗೆ ಗಟ್ಟಿಯಾಗಿ ರುಬ್ಬಬೇಕು. ಎಲೆಯ ಬೆನ್ನಿನ ದಪ್ಪ ನರ ಕೆತ್ತಿ ತೆಗೆದು, ಹಿಟ್ಟು ತೆಳ್ಳಗೆ ಸವರಿ, ಐದಾರು ಎಲೆ ಪೇರಿಸಿ ಸುತ್ತಿ, ಹಬೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಬೇಕು. ಹಿಟ್ಟು ನೀರಾದರೆ ಸುರುಳಿ ಬಿಚ್ಚುತ್ತದೆ; ಸುರುಳಿ ತೀರಾ ದಪ್ಪವಾದರೆ ನಡುವೆ ಬೇಯದೆ ತುರಿಕೆ ಉಳಿಯುತ್ತದೆ. ಮರದ ಮೇಲೆ ಬೆಳೆಯುವ ಮರಕೆಸುವಿಗೆ ಬೇಡಿಕೆ ಹೆಚ್ಚು, ಅದು ಅಷ್ಟಾಗಿ ತುರಿಸುವುದಿಲ್ಲ ಎಂಬ ಕಾರಣಕ್ಕೆ.

ಕಣಿಲೆಯ, ಅಂದರೆ ಬಿದಿರಿನ ಮೊಳಕೆಯ, ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತು ಇದೆ. ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಿ ಎರಡು ಮೂರು ದಿನ ಧಾರಾಳ ನೀರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸುವ ಪದ್ಧತಿ ಇದಕ್ಕಾಗಿಯೇ. ಆ ನೀರನ್ನು ಸಾರಿಗೆ ಬಳಸಬಾರದು, ಬೇಯಿಸುವಾಗ ಮುಚ್ಚಳ ತೆರೆದಿಡಬೇಕು. ಒಂದೇ ದಿನ ನೆನೆಸಿ ಅವಸರ ಮಾಡಿದರೆ ಕಹಿ ಉಳಿಯುತ್ತದೆ, ಆ ಕಹಿಯೇ ಎಚ್ಚರಿಕೆ.

ಮಳೆಯಲ್ಲಿ ಸೊಪ್ಪು ತಿನ್ನಬಾರದು ಎನ್ನುವವರೂ ಇದ್ದಾರೆ. ಉಡುಪಿಯ ಮಠಗಳಲ್ಲಿ, ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ತರಕಾರಿ ಬಿಟ್ಟು ಬೇಳೆ, ಕಾಳುಮೆಣಸು, ಜೀರಿಗೆಯ ಅಡುಗೆ. ಅದು ವ್ರತದ ನಿಯಮ. ವ್ರತವಿಲ್ಲದವರು ಗಮನಿಸಬೇಕಾದ್ದು ಬೇರೆ: ಮಳೆಗೆ ಮಣ್ಣು ಸಿಡಿದು ಎಲೆಯ ಅಡಿಗೆ ಮೆತ್ತಿರುತ್ತದೆ, ಅದರ ಜೊತೆ ಹುಳದ ಮೊಟ್ಟೆ, ರೋಗಾಣು. ಅಗಲ ಪಾತ್ರೆಯ ನೀರಿನಲ್ಲಿ ಸೊಪ್ಪು ಮುಳುಗಿಸಿ ಅಲ್ಲಾಡಿಸಿ, ಸೊಪ್ಪನ್ನು ಮೇಲೆತ್ತಿ ತೆಗೆಯಿರಿ. ಪಾತ್ರೆಯನ್ನೇ ಬಗ್ಗಿಸಿ ಸುರಿದರೆ ತಳದ ಮಣ್ಣು ಪುನಃ ಸೊಪ್ಪಿನ ಮೇಲೆಯೇ ಬೀಳುತ್ತದೆ. ಮೂರು ಸಲ ನೀರು ಬದಲಿಸಿದರೆ ಸಾಕು. ಒಂದೆಲಗದ ತಂಬುಳಿಯಂಥದ್ದನ್ನು ಈ ಕಾಲದಲ್ಲಿ ಹಸಿ ಸೊಪ್ಪಿನಿಂದ ಮಾಡುವ ಬದಲು ತುಪ್ಪದಲ್ಲಿ ಬಾಡಿಸಿ ಮಾಡಿ.

ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಹಣ್ಣಿನ ಸಿ ಜೀವಸತ್ವ ನೆರವಾಗುತ್ತದೆ. ಪಲ್ಯಕ್ಕೆ ನಿಂಬೆ ಹಿಂಡುವುದಾದರೆ ಒಲೆ ಆರಿಸಿದ ಮೇಲೆ ಹಿಂಡಿ. ಹರಿವೆ, ಬಸಳೆಯ ಎ ಜೀವಸತ್ವದ ಮೂಲವಸ್ತು ಜಿಡ್ಡಿನ ಜೊತೆಗೇ ಹೀರಲ್ಪಡುವುದು. ಪಲ್ಯದ ಕಾಯಿತುರಿ ಆ ಕೆಲಸ ಮಾಡುತ್ತದೆ.

ಚಳಿಯ ತಿಂಗಳು: ಗುಳ್ಳ ಮತ್ತು ಗೆಡ್ಡೆ

ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಮಳೆ ತಗ್ಗಿದ ಮೇಲೆ ನೆಟ್ಟ ಗುಳ್ಳ ವರ್ಷದ ಕೊನೆಯ ಹೊತ್ತಿಗೆ ಕೊಯ್ಲಿಗೆ ಬಂದು ಬೇಸಿಗೆಯವರೆಗೂ ನಡೆಯುತ್ತದೆ. ಸೋದೆ ವಾದಿರಾಜರು ಬೀಜ ಕೊಟ್ಟರೆಂಬ ನಂಬಿಕೆಯ ಈ ತೆಳು ಸಿಪ್ಪೆಯ ಹಸಿರು ಬದನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಉಂಟು. ಉಡುಪಿ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಪರ್ಯಾಯವೂ ಗುಳ್ಳದ ಸುಗ್ಗಿಯಲ್ಲೇ ಬೀಳುತ್ತದೆ. ಕೊಳ್ಳುವಾಗ ಒತ್ತಿದರೆ ಸ್ವಲ್ಪ ಬಗ್ಗುವ, ತೊಟ್ಟು ಹಸಿರಿರುವ ಕಾಯಿ ಆರಿಸಿ. ಹಳದಿಗೆ ತಿರುಗಿದ್ದರಲ್ಲಿ ಬೀಜ ಬಲಿತಿರುತ್ತದೆ.

ಸುವರ್ಣಗೆಡ್ಡೆ, ಗೆಣಸು, ನೆಲ್ಲಿಕಾಯಿಯೂ ಈ ತಿಂಗಳುಗಳವು. ನೆಲ್ಲಿಕಾಯಿಯಲ್ಲಿ ಕಿತ್ತಳೆಯ ಹಲವು ಪಟ್ಟು ಸಿ ಜೀವಸತ್ವ.

ಬೇಸಿಗೆ: ಹಲಸಿನ ಮೂರು ವಯಸ್ಸು

ಹಲಸನ್ನು ಒಂದೇ ಹಣ್ಣೆಂದು ಎಣಿಸಿದರೆ ಅದರ ಅರ್ಧ ಪ್ರಯೋಜನ ಕೈತಪ್ಪುತ್ತದೆ. ಫೆಬ್ರವರಿ-ಮಾರ್ಚ್‌ನ ಎಳೆ ಗುಜ್ಜೆ ಬರೀ ತರಕಾರಿ. ಸಕ್ಕರೆ ಕಡಿಮೆ, ನಾರು ಹೆಚ್ಚು. ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚದೆ ಕೊಯ್ದರೆ ಮೇಣ ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಬಲಿತ ಆದರೆ ಹಣ್ಣಾಗದ ಕಾಯಿ ಹಪ್ಪಳಕ್ಕೆ, ಉಪ್ಪುಸೊಳೆಗೆ. ಮೇ-ಜೂನ್‌ನಲ್ಲಿ ಹಣ್ಣು. ಸೊಳೆ ಗಟ್ಟಿಯಿರುವ ಬಕ್ಕೆ ಹಾಗೆಯೇ ತಿನ್ನಲು, ಮೆತ್ತಗಿನ ತುಳುವ ‘ಗಟ್ಟಿ’ ಎಂಬ ಕಡುಬಿಗೆ, ಪಾಯಸಕ್ಕೆ. ಮಳೆ ಹಿಡಿದ ಮೇಲಿನ ಹಣ್ಣು ಸಪ್ಪೆ ಎನ್ನುವುದು ನಿಜ. ಬೇರು ನೀರು ಎಳೆದಾಗ ಸೊಳೆಯಲ್ಲಿ ನೀರಿನಂಶ ಏರಿ ಸಿಹಿ ತೆಳುವಾಗುತ್ತದೆ.

ಮಾವಿನಲ್ಲೂ ಮಳೆಯ ಗೆರೆ ಇದೆ. ಮುಂಗಾರು ಪೂರ್ವ ಮಳೆ ಬಿದ್ದಂತೆ ಹಣ್ಣುನೊಣ ಹೆಚ್ಚಾಗಿ ಸಿಪ್ಪೆಯ ಕೆಳಗೆ ಮೊಟ್ಟೆ ಇಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಕಲೆ, ಒಳಗೆ ಹುಳ. ಮುಂಡಪ್ಪ, ಕಾಟುಮಾವು ಯಾವುದಾದರೂ ಮಳೆಗೆ ಮುಂಚಿನದ್ದೇ ಚೆಂದ.

ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ನಾಲ್ಕೈದು ಪಟ್ಟು ಸಿ ಜೀವಸತ್ವ ಇದ್ದರೂ ಬೀಜ ತಿರುಚಿಕೊಂಡು ಹಣ್ಣನ್ನು ತೋಟದಲ್ಲೇ ಬಿಡುವುದು ರೂಢಿ. ಗಂಟಲು ಕೆರೆಯಲು ಕಾರಣ ಅದರ ಒಗರು ವಸ್ತು ಟ್ಯಾನಿನ್. ರಸಕ್ಕೆ ತಿಳಿ ಗಂಜಿ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಟ್ಯಾನಿನ್ ಕೂಡಿಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿ ಬಸಿದು ಕುಡಿಯಬಹುದು. ಹಣ್ಣು ಬಿದ್ದ ದಿನವೇ ಇದನ್ನು ಮಾಡಬೇಕು, ಮರುದಿನಕ್ಕೆ ಹುಳಿತು ಹೋಗುತ್ತದೆ. ಪುನರ್ಪುಳಿ ಹಾಗಲ್ಲ: ಬೀಜ ತೆಗೆದ ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಬಿಸಿಲಿಗಿಟ್ಟರೆ ರಸ ಇಳಿಯುತ್ತದೆ, ಒಣಗಿಸಿದ ಸಿಪ್ಪೆ ಸಾರಿಗೆ ವರ್ಷವಿಡೀ ಆದೀತು.

ಒಂದು ಋತುವಿನದನ್ನು ಇನ್ನೊಂದಕ್ಕೆ ದಾಟಿಸುವುದು

ಮಂಗಳೂರು ಸೌತೆಯನ್ನು ಮಾಡಿಗೆ ಕಟ್ಟಿ ತೂಗಿಸುವುದರ ಹಿಂದೆ ಸರಿಯಾದ ಲೆಕ್ಕವಿದೆ. ಬೇಸಿಗೆಯಲ್ಲಿ ಪೂರ್ತಿ ಬಲಿತ ಕಾಯಿಯ ಸಿಪ್ಪೆ ಗಟ್ಟಿ, ಉಸಿರಾಟ ನಿಧಾನ. ನೆಲಕ್ಕಿಟ್ಟರೆ ತನ್ನ ಭಾರಕ್ಕೆ ಒಂದೇ ಕಡೆ ಜಜ್ಜಿ ಅಲ್ಲಿಂದ ಕೊಳೆಯುತ್ತದೆ. ತೂಗಿಸಿದರೆ ಸುತ್ತ ಗಾಳಿ ಆಡುತ್ತದೆ, ಒಂದು ಕೊಳೆತರೂ ಪಕ್ಕದ್ದಕ್ಕೆ ತಾಗುವುದಿಲ್ಲ. ಎರಡು ಇಂಚು ತೊಟ್ಟು ಉಳಿಸಿ ಕೊಯ್ಯಬೇಕು, ತೊಳೆಯಬಾರದು, ಗೋಡೆಗೆ ತಾಗಿಸಬಾರದು. ಹೀಗಿಟ್ಟರೆ ಮಳೆಗಾಲ ಕಳೆಯುತ್ತದೆ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಹಚ್ಚಿ ಇಡುವುದೂ ಇಂಥದ್ದೇ ಉಪಾಯ. ಬೀಜ ಒಣಗಿ ಮುರುಟದು.

ಉಪ್ಪುಸೊಳೆಗೆ ಬಲಿತ ಕಾಯಿಯ ಸೊಳೆ ಐದು ಅಳತೆಗೆ ಕಲ್ಲುಪ್ಪು ಒಂದು ಅಳತೆ. ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು ಹಾಕಿ ಮೇಲೆ ತೊಳೆದ ಕಲ್ಲು ಹೇರಬೇಕು. ಉಪ್ಪು ಸೊಳೆಯ ನೀರನ್ನು ಹೊರಗೆಳೆಯುತ್ತದೆ, ಆ ಉಪ್ಪುನೀರಿನಲ್ಲಿ ಕೊಳೆಸುವ ಸೂಕ್ಷ್ಮಾಣುಗಳು ಬದುಕವು. ಕೆಡುವುದು ಮೂರು ಕಾರಣಕ್ಕೆ: ಹಣ್ಣಾಗತೊಡಗಿದ ಸೊಳೆ ಬೆರೆತರೆ, ಸೊಳೆ ನೀರಿನ ಮೇಲೆ ತೇಲಿ ಬೂಸ್ಟು ಹಿಡಿದರೆ, ಒದ್ದೆ ಕೈ ಹಾಕಿದರೆ. ಅಡುಗೆಗೆ ಮುಂಚೆ ನಾಲ್ಕೈದು ಗಂಟೆ ನೆನೆಸಿ ನೀರು ಬದಲಿಸಿ ಹಿಂಡಿ. ಅಷ್ಟಾದರೂ ಉಪ್ಪು ಸ್ವಲ್ಪ ಉಳಿಯುವುದರಿಂದ ರಕ್ತದೊತ್ತಡ ಇರುವವರಿಗೆ ಇದು ಅಪರೂಪದ ತಿನಿಸು.

ಋತುಮಾನ ಮಾಡದ ಕೆಲಸಗಳು

ಋತುವಿನದ್ದೆಲ್ಲ ಔಷಧ ಹೊಡೆಯದ್ದು ಎಂದು ತಿಳಿಯಬಾರದು. ಕಾಲಕ್ಕೆ ಸರಿಯಾಗಿ ಬೆಳೆದ ಗಿಡಕ್ಕೆ ಸಾಮಾನ್ಯವಾಗಿ ಕಾಟ ಕಡಿಮೆ, ಆದರೆ ಬದನೆಗೆ ಕಾಯಿಕೊರಕ ಸುಗ್ಗಿಯಲ್ಲೂ ಬಿಡುವುದಿಲ್ಲ, ಅಲಸಂಡೆಗೆ ಹೇನು ಬರುತ್ತದೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯ ಪಾಲು ಹೋಗುತ್ತದೆ, ಒಳಗಿಳಿದದ್ದು ಹೋಗದು.

ಊರಿನದ್ದಾದರೂ ಸೌತೆ, ಸೋರೆಯ ತುದಿಯ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ನೀರಿನ ಕೊರತೆ, ಬಿಸಿಲಿನ ಹೊಡೆತಕ್ಕೆ ಈ ಜಾತಿಯ ಕಾಯಿಗಳಲ್ಲಿ ಕಹಿವಸ್ತು ಹೆಚ್ಚುತ್ತದೆ. ಕಹಿ ಸೋರೆಕಾಯಿಯ ರಸ ಕುಡಿದರೆ ವಾಂತಿ, ರಕ್ತಸ್ರಾವದವರೆಗೂ ಹೋಗಬಹುದು; ಬೇಯಿಸಿದರೂ ಆ ವಸ್ತು ನಾಶವಾಗದು. ಎಸೆಯುವುದೇ ಸರಿ.

ಸಕ್ಕರೆ ಕಾಯಿಲೆಯವರಿಗೆ ಮೇ ತಿಂಗಳ ಹಲಸು, ಮಾವು ಋತುವಿನದ್ದೆಂಬ ಕಾರಣಕ್ಕೆ ರಿಯಾಯಿತಿ ಕೊಡುವುದಿಲ್ಲ. ನಾಲ್ಕು ಸೊಳೆಯನ್ನು ಊಟದ ಮೇಲೆ ಸೇರಿಸುವ ಬದಲು ಅನ್ನ ಅಷ್ಟು ತಗ್ಗಿಸಿ ತಿನ್ನಬೇಕು. ಮೂತ್ರಪಿಂಡದ ತೊಂದರೆ ಇರುವವರು ಧಾರೆಹುಳಿಯನ್ನು (ಸ್ಟಾರ್ ಫ್ರೂಟ್) ಮುಟ್ಟಲೇಬಾರದು, ಅದರ ವಿಷ ಮಿದುಳಿಗೆ ಏರುತ್ತದೆ. ಹುಳಿಕಾಯಿ ಬಿಡುವ ಬಿಂಬುಳಿ ಮರ ತುಂಬ ಕಾಯಿ ಬಿಟ್ಟಿದೆಯೆಂದು, ಕೊಲೆಸ್ಟರಾಲ್ ಇಳಿಯುತ್ತದೆಂದು ಲೋಟಗಟ್ಟಲೆ ರಸ ಕುಡಿದವರಿಗೆ ಆಕ್ಸಲೇಟ್ ತುಂಬಿ ಮೂತ್ರಪಿಂಡ ಕೈಕೊಟ್ಟ ಉದಾಹರಣೆಗಳಿವೆ. ಸಾರು, ಚಟ್ನಿಗೆ ನಾಲ್ಕು ಕಾಯಿ ಬೇರೆ ಮಾತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಿನ್ನುವವರು ಮಳೆಗಾಲ ಬಂತೆಂದು ಒಮ್ಮೆಲೇ ದಿನವೂ ಹರಿವೆ, ಬಸಳೆ, ತಜಂಕ್ ಶುರು ಮಾಡಿದರೆ ಸೊಪ್ಪಿನ ಕೆ ಜೀವಸತ್ವ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅವರು ಸೊಪ್ಪು ಬಿಡಬೇಕಿಲ್ಲ. ವಾರಕ್ಕೆ ತಿನ್ನುವ ಪ್ರಮಾಣ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರಲಿ, ಬದಲಿಸುವುದಾದರೆ ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಯಾವಾಗ ಬೇಕೆಂದು ಕೇಳಿಕೊಳ್ಳಲಿ.